ದುಡಿಯುತ್ತಲೇ ಓದುವ ಪತ್ರಿಕೋದ್ಯಮ

2019ರ ನವೆಂಬರ್ 24ರ ಭಾನುವಾರ ಬೆಂಗಳೂರಿನ ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಮರುದಿನ ಎಲ್ಲ ಪತ್ರಿಕೆಗಳಲ್ಲೂ ಅದು ಸುದ್ದಿ. ಆದರೆ ಏರಿ ಅಗೆದವರು ಯಾರು, ಯಾರ ಒಪ್ಪಿಗೆ ಇತ್ತು, ಪರಿಹಾರ ಯಾರಿಗೆ ಮುಟ್ಟಿತು ಎಂದು ವರ್ಷಗಟ್ಟಲೆ ಬೆನ್ನು ಹತ್ತಲು ಅಲ್ಲೇ ವಾಸವಿರುವ ವರದಿಗಾರರು ಬೇಕು. ಬಡಾವಣೆಗೊಬ್ಬರನ್ನು ನೇಮಿಸಿಕೊಳ್ಳುವ ಶಕ್ತಿ ಯಾವ ಪತ್ರಿಕೆಗೂ ಇಲ್ಲ. ಇಂಥ ಬಡಾವಣೆಗಳಲ್ಲೇ ಇದ್ದು, ಹಗಲು ದುಡಿದು ಬಿಡುವಿನಲ್ಲಿ ಪತ್ರಿಕೋದ್ಯಮ ಓದುವವರು ನನಗೆ ಮುಖ್ಯವಾಗಿ ಕಾಣುವುದು ಇದೇ ಕಾರಣಕ್ಕೆ.

ಓದಲು ದಾರಿಗಳಿವೆ. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ತೊಡಗಿದ ಅಂಚೆ ಶಿಕ್ಷಣವೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಅಲ್ಲಿಯೂ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿಯೂ (ಇಗ್ನೊ) ಪತ್ರಿಕೋದ್ಯಮದ ಎಂ.ಎ. ಮಾಡಬಹುದು. ಬೇರೊಂದು ಕಾಲೇಜಿನಲ್ಲಿ ಓದುತ್ತಿರುವಾಗಲೇ ದೂರಶಿಕ್ಷಣದಲ್ಲಿ ಎರಡನೆಯ ಪದವಿಗೆ ಸೇರಲು 2022ರಿಂದ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಅವಕಾಶ ಕೊಟ್ಟಿದೆ. ಶುಲ್ಕ ಕಟ್ಟುವ ಮೊದಲು ಆ ಕೋರ್ಸಿಗೆ ಆ ವರ್ಷ ಮಾನ್ಯತೆ ಇದೆಯೇ ಎಂದು ಯುಜಿಸಿ ಪಟ್ಟಿಯಲ್ಲೇ ನೋಡಿಕೊಳ್ಳಿ. ರಾಜ್ಯ ಮುಕ್ತ ವಿಶ್ವವಿದ್ಯಾಲಯ ಮಾನ್ಯತೆ ಕಳೆದುಕೊಂಡು 2018ರಲ್ಲಿ ಅದನ್ನು ಮರಳಿ ಪಡೆಯುವವರೆಗೆ ವಿದ್ಯಾರ್ಥಿಗಳು ಪಟ್ಟ ಪಾಡು ಸಣ್ಣದಲ್ಲ.

ಡಿ.ವಿ.ಜಿ. ಮೆಟ್ರಿಕ್ಯುಲೇಷನ್ ದಾಟದೆಯೇ 1913ರಲ್ಲಿ ‘ಕರ್ನಾಟಕ’ ಪತ್ರಿಕೆ ಆರಂಭಿಸಲಿಲ್ಲವೇ, ಪದವಿ ಯಾಕೆ ಎಂದು ಕೇಳುವವರಿದ್ದಾರೆ. ಡಿ.ವಿ.ಜಿ. ಕಲಿತದ್ದು ಪತ್ರಿಕಾ ಕಚೇರಿಗಳಲ್ಲಿ ದುಡಿಯುತ್ತಾ. ಹೊಸಬರ ಪಕ್ಕ ಕೂತು ಬರಹ ತಿದ್ದುವ ಪುರುಸೊತ್ತು ಇಂದಿನ ಡೆಸ್ಕಿನಲ್ಲಿ ಕಡಿಮೆ. ಆ ಕೆಲಸವನ್ನು ಕೋರ್ಸು ಮಾಡಬೇಕು. ದೂರಶಿಕ್ಷಣ ಸೋಲುವುದೂ ಇಲ್ಲೇ: ಪಠ್ಯ ಮನೆಗೆ ಬರುತ್ತದೆ, ಕೆಂಪು ಶಾಯಿಯಲ್ಲಿ ತಿದ್ದಿದ ವರದಿ ಬರುವುದಿಲ್ಲ.

ಓದಿ ಮುಗಿಸಿದವರಿಗೆ ಉಪಸಂಪಾದಕರ ಹುದ್ದೆ, ಅನುವಾದ, ಜಾಹೀರಾತು, ಸಾರ್ವಜನಿಕ ಸಂಪರ್ಕದ ಕೆಲಸಗಳುಂಟು, ಎಂ.ಎ. ಜೊತೆಗೆ ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಕೆ-ಸೆಟ್ ಪಾಸಾದರೆ ಅಧ್ಯಾಪಕರೂ ಆಗಬಹುದು. ಆದರೆ ಇರುವ ನೌಕರಿ ಬಿಟ್ಟು ಸುದ್ದಿಮನೆಗೆ ಧುಮುಕಿ ಎಂದು ನಾನು ಹೇಳಲಾರೆ. ಆರಂಭದ ಸಂಬಳದಲ್ಲಿ ದಕ್ಷಿಣ ಬೆಂಗಳೂರಿನ ಬಾಡಿಗೆ ಕಟ್ಟುವುದು ಕಷ್ಟ. ಅದಕ್ಕಿಂತ ಮುಖ್ಯವಾಗಿ, ಮಾಡುತ್ತಿರುವ ಕೆಲಸವೇ ಅವರ ಬಂಡವಾಳ. ಬನ್ನೇರುಘಟ್ಟ ರಸ್ತೆಯ ಆಸ್ಪತ್ರೆಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ಕೂರುವವರಿಗೆ ವಿಮೆಯ ಕ್ಲೇಮು ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ಚೆನ್ನಾಗಿ ಗೊತ್ತು. ಗಾರ್ಮೆಂಟ್ಸ್‌ನಲ್ಲಿ ಲೆಕ್ಕ ಬರೆಯುವವರಿಗೆ ಪಿಎಫ್‌ನ ಒಳಹೊರಗು ತಿಳಿದಿರುತ್ತದೆ. ಆರು ತಿಂಗಳು ಓಡಾಡಿದರೂ ಹೊರಗಿನ ವರದಿಗಾರನಿಗೆ ಇಷ್ಟು ದಕ್ಕುವುದಿಲ್ಲ.

ಇದರಲ್ಲಿ ಅಪಾಯವೂ ಇದೆ. ಸಂಬಳ ಕೊಡುವ ಸಂಸ್ಥೆಯ ಬಗ್ಗೆಯೇ ವರದಿ ಬರೆಯಲಾಗದು. ರೋಗಿಯ ಗುಟ್ಟು ಹೊರಗೆ ಬರಕೂಡದು. ನೇಮಕಾತಿ ಕರಾರಿನಲ್ಲಿ ಹೊರಗಿನ ಕೆಲಸಕ್ಕೆ ತಡೆಯಿದ್ದರೆ ಮೊದಲೇ ಅನುಮತಿ ಬೇಕು. ತಾನು ಎಲ್ಲಿ ದುಡಿಯುತ್ತೇನೆಂದು ಸಂಪಾದಕರಿಗೆ ತಿಳಿಸಿಯೇ ಬರೆಯಬೇಕು. ಇದನ್ನೆಲ್ಲ ನೀತಿಸಂಹಿತೆಯ ಪಾಠದಲ್ಲಿ ನಿಜವಾದ ಪ್ರಕರಣಗಳನ್ನು ಇಟ್ಟುಕೊಂಡು ಕಲಿಸಬೇಕು.

ಕೊನೆಯ ವರ್ಷದ ಪ್ರಬಂಧದ ಬದಲು ವಿಶ್ವವಿದ್ಯಾಲಯಗಳು ಪ್ರತಿ ವಿದ್ಯಾರ್ಥಿಗೂ ಅವರ ವಾರ್ಡನ್ನೇ ವಹಿಸಿಬಿಡಲಿ. ಹುಳಿಮಾವಿನವರು ಕೆರೆಯ ಸರ್ವೆ ನಕ್ಷೆ, ಟೆಂಡರ್ ದಾಖಲೆ, ಪರಿಹಾರದ ಪಟ್ಟಿಗೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಲಿ. ಬಂದದ್ದನ್ನು ಶನಿವಾರದ ಸಂಪರ್ಕ ತರಗತಿಯಲ್ಲಿ ಅನುಭವಿ ಪತ್ರಕರ್ತರೊಬ್ಬರು ಸಾಲುಸಾಲಾಗಿ ತಿದ್ದಲಿ. ಆ ಪತ್ರಕರ್ತರಿಗೆ ಗೌರವಧನ ಕೊಡುವಷ್ಟು ಹಣವನ್ನು ವಿಶ್ವವಿದ್ಯಾಲಯಗಳು ಪ್ರವೇಶ ಶುಲ್ಕದಲ್ಲೇ ಎತ್ತಿಡಬೇಕು.