ಬೋಟ್ ಓಡಿಸಿ ತೋರಿಸೋದಲ್ಲ, ಬಿಚ್ಚಿ ತೋರಿಸ್ಬೇಕು

1/8
ಮೊದಲನೇ ಫೋಟೋದಲ್ಲಿ ನೀಲಿ ಬೋಟ್ ಕಾಣ್ತಿದೆ ಅಲ್ವಾ? ಹೋದ ವರ್ಷ ಸೈನ್ಸ್ ಎಕ್ಸಿಬಿಷನ್‌ನಲ್ಲಿ ನಾವು ನಾಲ್ಕು ಜನ ಇಟ್ಟಿದ್ದು ಅದೇ. ದುಡ್ಡು ಸೇರಿಸಿ ಆನ್‌ಲೈನಲ್ಲಿ ತರಿಸಿದ ರೆಡಿಮೇಡ್ ಬೋಟ್. ಟಬ್ಬಿಗೆ ನೀರು ತುಂಬಿ ಗಿರಗಿರ ಅಂತ ಓಡಿಸಿದ್ವಿ. ಜನ ಸೇರಿದ್ರು, ವಿಡಿಯೋ ಮಾಡ್ಕೊಂಡ್ರು, ಚಪ್ಪಾಳೆನೂ ಬಿತ್ತು.

ಆಮೇಲೆ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಮುಂದೆ ಬಂದು ಕೇಳಿದ್ಲು: "ಅಣ್ಣಾ, ನೀನು ಇಲ್ಲಿ ಕಡ್ಡಿ ತಿರುಗಿಸಿದ್ರೆ ಅಲ್ಲಿ ಬೋಟಿಗೆ ಹೆಂಗೆ ಗೊತ್ತಾಗುತ್ತೆ?"
"ರೇಡಿಯೋ ವೇವ್ಸ್" ಅಂದೆ.
"ಅಂದ್ರೆ?"
ನಾನು ಹಿಂದೆ ಇದ್ದ ಚಾರ್ಟ್ ಕಡೆ ಕೈ ತೋರಿಸಿದೆ. ಅದರಲ್ಲೂ "ರೇಡಿಯೋ ವೇವ್ಸ್" ಅಂತಲೇ ಬರೆದಿತ್ತು. ಅವಳು ಓದಿ, ನನ್ನ ಮುಖ ನೋಡಿ, ಪಕ್ಕದ ಜ್ವಾಲಾಮುಖಿ ನೋಡೋಕೆ ಹೋದ್ಲು.

ಆ ಮುಖ ಒಂದು ವರ್ಷ ಆದ್ರೂ ಮರೆತಿಲ್ಲ. ಅದಕ್ಕೇ ಈ ಸರಣಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಒಪ್ಪದೇ ಇರೋರು ಕಾಮೆಂಟಲ್ಲಿ ಜಗಳಕ್ಕೆ ಬನ್ನಿ: ಮುಚ್ಚಿಟ್ಟ ಬೋಟ್ ಓಡಿಸೋದು ಪ್ರದರ್ಶನ ಅಲ್ಲ, ಆಟ. ಬಿಚ್ಚಿ ತೋರಿಸಿದ್ರೆ ಮಾತ್ರ ಪ್ರದರ್ಶನ.

2/8
ಸ್ವಲ್ಪ ಹಿಸ್ಟರಿ. ಬೋರ್ ಆಗಲ್ಲ, ಪ್ರಾಮಿಸ್.

1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಎಲೆಕ್ಟ್ರಿಕಲ್ ಎಕ್ಸಿಬಿಷನ್ ನಡೀತು. ಅಲ್ಲಿ ನಿಕೋಲಾ ಟೆಸ್ಲಾ ನೀರಿನ ತೊಟ್ಟಿಯಲ್ಲಿ ಚಿಕ್ಕ ಬೋಟ್ ಬಿಟ್ಟು, ತಂತಿ ಇಲ್ಲದೆ ದೂರದಿಂದ ನಡೆಸಿ ತೋರಿಸಿದ್ರು. ಅದೇ ವರ್ಷ ನವೆಂಬರ್ 8ಕ್ಕೆ ಪೇಟೆಂಟ್ ಸಿಕ್ತು, ನಂಬರ್ 613809. ಲೆಕ್ಕ ಹಾಕಿ: ಶಿವನಸಮುದ್ರದಿಂದ ನಮ್ಮ ಕೆಜಿಎಫ್‌ಗೆ ಕರೆಂಟ್ ಬಂದಿದ್ದು 1902ರಲ್ಲಿ. ಅದಕ್ಕಿಂತ ನಾಲ್ಕು ವರ್ಷ ಮೊದಲೇ ರಿಮೋಟ್ ಬೋಟ್ ಬಂದಿತ್ತು!

ನೋಡಿದ ಜನ ನಂಬಲಿಲ್ಲ. ಒಳಗೆ ಪಳಗಿಸಿದ ಕೋತಿ ಕೂತಿದೆ ಅಂದೋರು ಇದ್ರಂತೆ, ಮನಸ್ಸಿನ ಶಕ್ತಿಯಿಂದ ನಡೆಸ್ತಿದ್ದಾನೆ ಅಂದೋರೂ ಇದ್ರಂತೆ. ಟೆಸ್ಲಾಗೂ ಸ್ವಲ್ಪ ಆ ಮ್ಯಾಜಿಕ್ ಇಷ್ಟಾನೇ. ಪ್ರೇಕ್ಷಕರು ಕೇಳಿದ ಪ್ರಶ್ನೆಗೆ ಬೋಟೇ ದೀಪ ಮಿನುಗಿಸಿ ಉತ್ತರ ಕೊಡೋ ಹಾಗೆ ಆಟ ಕಟ್ಟಿದ್ರು ಅಂತ ಕಥೆ ಇದೆ.

1898ರ ಜನ ಕೋತಿ ಅಂದಿದ್ದು ತಪ್ಪಲ್ಲ, ಅವರು ರೇಡಿಯೋನೇ ಕೇಳಿರಲಿಲ್ಲ. ನಮ್ಮ ಜೇಬಲ್ಲಿ ಮೊಬೈಲ್ ಇದೆ, ಅದರಲ್ಲಿ ವೈಫೈ ಇದೆ, ಬ್ಲೂಟೂತ್ ಇದೆ. ಇಷ್ಟಿದ್ದೂ ನಾವು "ರೇಡಿಯೋ ವೇವ್ಸ್" ಅಂತ ಎರಡು ಪದ ಹೇಳಿ ಸುಮ್ಮನಾದ್ರೆ, ಅದೂ ಒಂಥರಾ ಕೋತಿ ಕಥೆನೇ. ಹೆಸರು ಮಾತ್ರ ಇಂಗ್ಲಿಷು.

3/8
ಈ ವರ್ಷ ಮೊದಲು ಮಾಡಿದ ಕೆಲಸ: ನೀಲಿ ಬೋಟನ್ನ ಹ್ಯಾಕ್ಸಾ ಬ್ಲೇಡಲ್ಲಿ ಉದ್ದಕ್ಕೆ ಸೀಳಿದ್ದು. ಜಾಸ್ತಿ ದುಡ್ಡು ಹಾಕಿದ್ದ ಫ್ರೆಂಡ್ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಸೀಳಿ ನೋಡಿದ್ರೆ ನಮಗೇ ನಾಚಿಕೆ. ಹೋದ ವರ್ಷದ ಚಾರ್ಟಲ್ಲಿ ಬಾಣ ಹಾಕಿ "ಚುಕ್ಕಾಣಿ: ಬೋಟನ್ನು ತಿರುಗಿಸುತ್ತದೆ" ಅಂತ ಬರೆದಿದ್ವಿ. ಆ ಬೋಟಿಗೆ ಕೆಲಸ ಮಾಡೋ ಚುಕ್ಕಾಣಿನೇ ಇರಲಿಲ್ಲ! ಹಿಂದೆ ರೆಕ್ಕೆ ಥರ ಇದ್ದದ್ದು ಬರೀ ಅಂಟಿಸಿದ ಪ್ಲಾಸ್ಟಿಕ್. ಒಳಗೆ ಎರಡು ಪುಟ್ಟ ಮೋಟಾರ್ ಇದ್ವು. ಎಡದ್ದು ನಿಧಾನ ಆಗಿ ಬಲದ್ದು ಜೋರಾದ್ರೆ ಬೋಟ್ ಎಡಕ್ಕೆ ತಿರುಗುತ್ತೆ. ಜೋಡಿ ಎತ್ತಿನ ಗಾಡಿ ತಿರುಗಿಸೋವಾಗ ಒಂದು ಎತ್ತನ್ನ ತಡೆದು ಇನ್ನೊಂದನ್ನ ಮುಂದಕ್ಕೆ ಬಿಡ್ತಾರಲ್ಲ, ಹಂಗೆ.

ಒಂದಿಡೀ ದಿನ ನೂರಾರು ಜನಕ್ಕೆ ತಪ್ಪು ಹೇಳಿದ್ವಿ, ಯಾರೂ ಹಿಡೀಲಿಲ್ಲ, ನಾವೂ ಹಿಡೀಲಿಲ್ಲ. ಮುಚ್ಚಿದ ಮಾಡೆಲ್ಲಿನ ಸಮಸ್ಯೆ ಇದೇ ಕಣ್ರೋ. ನೋಡೋರನ್ನ ಮೋಸ ಮಾಡೋದು ಆಮೇಲೆ, ಮೊದಲು ಮಾಡಿದೋರನ್ನೇ ಮೋಸ ಮಾಡುತ್ತೆ.

4/8
ಈಗ ಹೊಸ ಬೋರ್ಡ್. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಪ್ಲೈವುಡ್. ಬೆಂಚಿಗೆ ಒರಗಿಸಿ ನಿಲ್ಲಿಸಿದ್ವಿ, ಚಿಕ್ಕ ಮಕ್ಕಳಿಗೂ ಕಾಣ್ಬೇಕಲ್ಲ.

ಎಡಗಡೆ ರಿಮೋಟ್. ಅದರ ಪಕ್ಕ ಒಂದು ಅಡಿ ಖಾಲಿ ಜಾಗ. ಅಲ್ಲಿ ದೊಡ್ಡದಾಗಿ ಬರೆದಿದ್ದು: "ಇಲ್ಲಿ ತಂತಿ ಇಲ್ಲ." ಇಡೀ ಬೋರ್ಡಲ್ಲಿ ಜನ ಜಾಸ್ತಿ ಹೊತ್ತು ನಿಂತಿದ್ದು ಆ ಖಾಲಿ ಜಾಗದ ಮುಂದೆ. ಆಮೇಲೆ ರಿಸೀವರ್. ಅಲ್ಲಿಂದ ಎರಡು ದಾರಿ. ಕೆಂಪು ಉಲ್ಲನ್ ದಾರ ಹಿಡಿದು ಹೋದ್ರೆ ಸ್ಪೀಡ್ ಕಂಟ್ರೋಲರ್, ಮೋಟಾರ್, ಶಾಫ್ಟ್, ಪ್ರೊಪೆಲ್ಲರ್. ಹಸಿರು ದಾರ ಹಿಡಿದು ಹೋದ್ರೆ ಸರ್ವೋ, ಒಂದು ಸಣ್ಣ ಕಡ್ಡಿ, ಚುಕ್ಕಾಣಿ. ಕೆಳಗೆ ಬ್ಯಾಟರಿ. ಎಲ್ಲಾ ನಿಜವಾದ ಪಾರ್ಟ್ಸ್, ಎಲ್ಲಾ ಕೆಲಸ ಮಾಡ್ತವೆ. ಬೋಟಿನ ಕರುಳೆಲ್ಲಾ ಹೊರಗೆ.

ರಿಮೋಟ್-ರಿಸೀವರ್ ಸೆಟ್ ದುಬಾರಿ. ಬೆಂಗಳೂರಲ್ಲಿ ಓದ್ತಿರೋ ಅಣ್ಣನ ಹತ್ರ ಎರಡು ವಾರಕ್ಕೆ ಸಾಲ ತಂದ್ವಿ. ಉಳಿದಿದ್ದು ಎಸ್.ಪಿ. ರೋಡಿಂದ ಅವನೇ ತಂದುಕೊಟ್ಟ.

ಸರಿ, ಆ ಹುಡುಗಿಯ "ಹೆಂಗೆ ಗೊತ್ತಾಗುತ್ತೆ?"ಗೆ ಉತ್ತರ. ನಮ್ಮ ರಿಮೋಟ್ ಕೆಲಸ ಮಾಡೋದು 2.4 ಗಿಗಾಹರ್ಟ್ಸ್‌ನಲ್ಲಿ. ಕಡ್ಡಿ ಎಷ್ಟು ವಾಲಿದೆ ಅನ್ನೋದನ್ನ ಅದು ಸಂಖ್ಯೆ ಮಾಡಿ ಕಳಿಸುತ್ತೆ. ರಿಸೀವರ್ ಅದನ್ನ ಹಿಡಿದು ಸರ್ವೋಗೆ ಸೆಕೆಂಡಿಗೆ ಸುಮಾರು 50 ಸಲ ಒಂದೊಂದು ಸಣ್ಣ ವಿದ್ಯುತ್ ಮಿಡಿತ ಕೊಡುತ್ತೆ. ಮಿಡಿತ 1.5 ಮಿಲಿಸೆಕೆಂಡ್ ಇದ್ರೆ "ನಡುವೆ ನಿಲ್ಲು". 1 ಮಿಲಿಸೆಕೆಂಡ್ ಆದ್ರೆ ಒಂದು ಕಡೆ, 2 ಆದ್ರೆ ಇನ್ನೊಂದು ಕಡೆ. ಅಷ್ಟೇ ಭಾಷೆ!

ಇದನ್ನ ಬಾಯಲ್ಲಿ ಹೇಳಿದ್ರೆ ಯಾರಿಗೂ ಹತ್ತಲ್ಲ. ಅದಕ್ಕೆ ಪಿಟಿ ಸರ್ ಹತ್ರ ಸೀಟಿ ತಂದ್ವಿ. ಒಬ್ಬ ಕಣ್ಣು ಮುಚ್ಚಿ ಕೈ ಚಾಚಿ ನಿಲ್ಲಬೇಕು, ಅವನೇ ಸರ್ವೋ. ಗಿಡ್ಡ ಸೀಟಿಗೆ ಕೈ ಎಡಕ್ಕೆ, ಉದ್ದ ಸೀಟಿಗೆ ಬಲಕ್ಕೆ, ಮಧ್ಯಮಕ್ಕೆ ನೇರ. ನಾಲ್ಕನೇ ಕ್ಲಾಸ್ ಮಕ್ಕಳಿಗೂ ಎರಡು ನಿಮಿಷದಲ್ಲಿ ಅರ್ಥ ಆಯ್ತು. ಖರ್ಚು ಸೊನ್ನೆ.

5/8
ನೀರಿಲ್ಲದೆ ಬೋಟ್ ಪಾಠ ಮುಗಿಯಲ್ಲ. ಬೋರ್ಡ್ ಮುಂದೆ ಮೂರು ಆಟ ಇಟ್ವಿ.

ಒಂದು: ಅಂಚಿನವರೆಗೂ ನೀರು ತುಂಬಿದ ಬೇಸಿನ್, ಕೆಳಗೆ ತಟ್ಟೆ. ಬೋಟ್ ಮೆಲ್ಲಗೆ ಬಿಟ್ರೆ ನೀರು ಚೆಲ್ಲುತ್ತೆ. ತೇಲೋ ವಸ್ತು ತನ್ನ ತೂಕದಷ್ಟೇ ನೀರನ್ನ ಸರಿಸುತ್ತೆ ಅನ್ನೋ ಆರ್ಕಿಮಿಡೀಸ್ ತತ್ವ. ಬೋಟ್ 850 ಗ್ರಾಂ, ಅಂದ್ರೆ 850 ಮಿಲಿ ಚೆಲ್ಲಬೇಕು. ನಮಗೆ ಸಿಕ್ಕಿದ್ದು 820. ಉಳಿದ 30 ಎಲ್ಲಿ? ಬೇಸಿನ್ನಿನ ಹೊರಮೈಗೆ ಅಂಟಿಕೊಂಡಿತ್ತು. ಚಾರ್ಟಲ್ಲಿ 850 ಅಂತಲೇ ಬರೀಬಹುದಿತ್ತು, ಬರೀಲಿಲ್ಲ. 820 ಅಂತ ಬರೆದು ಕಾರಣ ಕೇಳಿದ್ವಿ.

ಎರಡು: ಅಗಲ ಬಾಯಿಯ ಗಾಜಿನ ಜಾಡಿ, ನೀರಲ್ಲಿ ಎರಡು ಚಿಟಿಕೆ ಟೀ ಪುಡಿ, ಒಳಗೆ ಪ್ರೊಪೆಲ್ಲರ್. ತಿರುಗಿದ್ರೆ ಟೀ ಪುಡಿ ಹಿಂದಕ್ಕೆ ಓಡುತ್ತೆ. ನೀರು ಹಿಂದಕ್ಕೆ ಹೋದಾಗಲೇ ಬೋಟ್ ಮುಂದಕ್ಕೆ, ನ್ಯೂಟನ್ ಮೂರನೇ ನಿಯಮ ಕಣ್ಣಿಗೇ ಕಾಣುತ್ತೆ. ಆ ಹರಿವಿಗೆ ಚುಕ್ಕಾಣಿ ಅಡ್ಡ ಹಿಡಿದ್ರೆ ಟೀ ಪುಡಿಯ ದಾರಿ ಓರೆ ಆಗುತ್ತೆ. ಪ್ರೊಪೆಲ್ಲರ್ ನಿಲ್ಲಿಸಿ ಚುಕ್ಕಾಣಿ ಎಷ್ಟೇ ಆಡಿಸಿ, ಏನೂ ಆಗಲ್ಲ. ನೀರು ಹರೀತಿದ್ರೆ ಮಾತ್ರ ಚುಕ್ಕಾಣಿಗೆ ಬೆಲೆ. (ಜಾಡಿ ಬಾಯಿಗೆ ಜಾಲರಿ ಕಟ್ಟಿ, ಇಲ್ಲಾಂದ್ರೆ ಯಾರೋ ಒಬ್ರು ಬೆರಳು ಹಾಕೇ ಹಾಕ್ತಾರೆ.)

ಮೂರು: ರಿಸೀವರ್, ಸರ್ವೋ, ಪುಟ್ಟ ಬ್ಯಾಟರಿ ಮೂರನ್ನೂ ಎರಡೆರಡು ಕವರಲ್ಲಿ ಭದ್ರ ಕಟ್ಟಿ ಬಕೆಟ್ಟಿನ ತಳಕ್ಕೆ ಇಳಿಸಿದ್ವಿ. ರಿಮೋಟ್ ಹಿಡಿದೋನು ಕಾರಿಡಾರಲ್ಲಿ ದೂರ ಹೋಗ್ತಿದ್ದ ಹಾಗೆ ಸರ್ವೋ ಮಾತು ಕೇಳೋದು ಬಿಡ್ತು. ನೀರಿಂದ ಮೇಲೆತ್ತಿದ ತಕ್ಷಣ ಮತ್ತೆ ಕುಣೀತು. 2.4 ಗಿಗಾಹರ್ಟ್ಸ್ ಅಲೆಗಳನ್ನ ನೀರು ಚೆನ್ನಾಗಿ ಹೀರುತ್ತೆ. ಮೈಕ್ರೋವೇವ್ ಓವನ್ನಿನ ಅಲೆಗಳೂ ಹೆಚ್ಚೂಕಮ್ಮಿ ಇದೇ ಜಾತಿ, ಅಡುಗೇಲಿರೋ ನೀರೇ ಅವನ್ನ ಹೀರಿ ಬಿಸಿಯಾಗೋದು. ಅದಕ್ಕೇ ಬೋಟಲ್ಲಿ ರಿಸೀವರಿನ ಆಂಟೆನಾ ನೀರಿನ ಮಟ್ಟಕ್ಕಿಂತ ಮೇಲೇ ಇರಬೇಕು.

6/8
ರಿಮೋಟ್ ಯಾರ ಕೈಯಲ್ಲಿ ಇರಬೇಕು? ಇದು ನನಗೆ ತುಂಬಾ ಮುಖ್ಯ.

ಹೋದ ವರ್ಷ ದಿನಪೂರ್ತಿ ನಮ್ಮ ಕೈಯಲ್ಲೇ ಇತ್ತು. "ಮುಟ್ಬೇಡಿ, ಕೆಟ್ಟೋಗುತ್ತೆ" ಅಂತ ಬೋರ್ಡ್ ಬೇರೆ. ಈ ವರ್ಷ ಉಲ್ಟಾ: ಬಂದೋರ ಕೈಗೇ ರಿಮೋಟ್. ಕೆಲವು ಹುಡುಗಿಯರು ದೂರ ನಿಂತು ನೋಡ್ತಿದ್ರು, ಅವರನ್ನ ಕರೆದು ಕೊಟ್ವಿ. ಹೌದು, ಒಂದು ಸರ್ವೋ ಹಲ್ಲು ಸವೆದು ಕೆಟ್ಟೋಯ್ತು. ಅದನ್ನೂ ಬಿಚ್ಚಿ ಬೋರ್ಡಿಗೆ ಅಂಟಿಸಿದ್ವಿ. ಒಳಗಿನ ಪುಟ್ಟ ಮೋಟಾರು, ಗೇರು ಎಲ್ಲಾ ಕಾಣ್ತಿತ್ತು, ಅದೇ ಅತ್ಯುತ್ತಮ ಪಾಠ ಆಯ್ತು.

ಇನ್ನೊಂದು ವಿಷ್ಯ, ಭಾಷೆ. ನಮ್ಮ ತಾಯಲೂರು ಕಡೆ ಎಷ್ಟೋ ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಎಕ್ಸಿಬಿಷನ್ ಬಂದ್ರೆ ಮಾತ್ರ ಉರು ಹೊಡೆದ ಇಂಗ್ಲಿಷ್. ಯಾಕೆ? ನಾವು ಕನ್ನಡದಲ್ಲಿ ಹೇಳಿದ್ವಿ, ಅಜ್ಜಿ-ತಾತಂದಿರು ಬಂದ್ರೆ ತೆಲುಗಲ್ಲೂ ಹೇಳಿದ್ವಿ. ಉರು ಹೊಡೆದಿದ್ದು ಇನ್ನೊಂದು ಭಾಷೇಲಿ ಬಾಯಿಗೆ ಬರಲ್ಲ. ಅರ್ಥ ಆಗಿದ್ದು ಬರುತ್ತೆ.

ಅದರ ಫಲ ನೋಡಿ. ಟೊಮ್ಯಾಟೊ ಬೆಳೆಯೋ ತಾತ ಒಬ್ರು ದಾರಗಳನ್ನ ಬೆರಳಲ್ಲಿ ಹಿಡಿದು ಕೊನೇವರೆಗೂ ಹೋದ್ರು. ಆಮೇಲೆ, "ನಮ್ಮ ಬೋರ್‌ವೆಲ್ ಮೊಬೈಲ್ ಸ್ಟಾರ್ಟರೂ ಹಿಂಗೇನಾ? ಮನೇಲಿ ಫೋನ್ ಒತ್ತಿದ್ರೆ ತೋಟದಲ್ಲಿ ಮೋಟಾರ್ ಆನ್ ಆಗುತ್ತಲ್ಲ?" ಅಂದ್ರು. ಹೌದು ತಾತ, ಅದೇ ಅಣ್ಣ-ತಮ್ಮ. ಅಲ್ಲಿ ಮೊಬೈಲ್ ಟವರ್ ಮೂಲಕ ಸುದ್ದಿ ಹೋಗುತ್ತೆ, ಆನ್-ಆಫ್ ಎರಡೇ ಮಾತು. ಇಲ್ಲಿ "ಇಷ್ಟೇ ತಿರುಗು" ಅಂತಾನೂ ಹೇಳಬಹುದು. ಬರೀ ಓಡೋ ಬೋಟ್ ಇಟ್ಟಿದ್ರೆ ತಾತ "ಚೆನ್ನಾಗಿದೆ ಮಗಾ" ಅಂದು ಹೋಗ್ತಿದ್ರು.

7/8
ಇದನ್ನ ದಯವಿಟ್ಟು ಸ್ಕಿಪ್ ಮಾಡಬೇಡಿ.

ಬೋಟ್ ಸಿಕ್ಕಿದ್ರೆ ಎಲ್ಲರಿಗೂ ಅನ್ಸೋದು ಒಂದೇ: "ನಡೀರೋ ಕೆರೇಲಿ ಬಿಡೋಣ." ನಮ್ಮ ಜಿಲ್ಲೆಗೆ ವರ್ಷಪೂರ್ತಿ ಹರಿಯೋ ನದಿ ಇಲ್ಲ, ಇರೋದು ಕೆರೆಗಳು. 2018ರಿಂದ ಕೆ.ಸಿ. ವ್ಯಾಲಿ ನೀರು, 2021ರ ದೊಡ್ಡ ಮಳೆ, ಎರಡರಿಂದಲೂ ಎಷ್ಟೋ ಕೆರೆಗಳಲ್ಲಿ ನೀರು ನೋಡಿದ್ವಿ. ಅದರ ಮೇಲೆ ತೋಟಗಳಲ್ಲಿ ಕೃಷಿ ಹೊಂಡಗಳು. ಬೇಸಿಗೆ ರಜೆ ಬಂದ್ರೆ ಪೇಪರಲ್ಲಿ ಯಾವ ಥರ ಸುದ್ದಿ ಬರುತ್ತೆ ನಿಮಗೂ ಗೊತ್ತು.

ಹೋದ ವರ್ಷ ಎಕ್ಸಿಬಿಷನ್ ಮುಗಿದ ಮೇಲೆ ನಾವೂ ಒಂದು ಹೊಂಡದಲ್ಲಿ ಬೋಟ್ ಬಿಟ್ವಿ. ನಡುವೆ ಹೋಗಿ ನಿಂತುಬಿಡ್ತು. ನನ್ನ ಚಿಕ್ಕಪ್ಪನ ಮಗ, ಆರನೇ ಕ್ಲಾಸು, ಚಪ್ಪಲಿ ಬಿಟ್ಟು ಇಳಿಯೋಕೆ ಹೊರಟ. ಹೊಂಡಕ್ಕೆ ಪ್ಲಾಸ್ಟಿಕ್ ಹಾಸಿರ್ತಾರೆ, ಇಳಿಜಾರು, ಮೇಲೆ ಪಾಚಿ. ಜಾರಿದ್ರೆ ಹತ್ತೋಕೆ ಹಿಡಿ ಸಿಗಲ್ಲ, ಈಜು ಬರೋರಿಗೂ ಕಷ್ಟ. ಅವನ ಶರ್ಟಿನ ಕಾಲರ್ ನನ್ನ ಕೈಗೆ ಸಿಕ್ತು. ಸಿಗದಿದ್ರೆ? ಆ ರಾತ್ರಿ ನಿದ್ದೆ ಬರಲಿಲ್ಲ. ಮನೇಲಿ ಇವತ್ತಿಗೂ ಹೇಳಿಲ್ಲ, ಈಗ ಓದ್ತಾರೆ, ಓದಲಿ.

ಅದಕ್ಕೆ ಈ ವರ್ಷ ಬೋರ್ಡಿನ ಬಲ ತುದಿಯಲ್ಲಿ ಕೆಂಪಕ್ಷರದಲ್ಲಿ ಒಂದು ಭಾಗ: "ಬೋಟ್ ನಿಂತ್ರೆ ಏನು ಮಾಡ್ಬೇಕು?"
• ನೀರಿಗೆ ಇಳೀಬೇಡಿ. ಬೋಟ್ ಹೋದ್ರೆ ಹೋಗಲಿ.
• ಉದ್ದ ಗಾಳದ ದಾರಕ್ಕೆ ಟೆನಿಸ್ ಬಾಲ್ ಕಟ್ಟಿ, ದೂರದಲ್ಲಿ ನಿಂತು ಬೋಟಿನ ಆಚೆ ಎಸೆದು ಮೆಲ್ಲಗೆ ಎಳೀರಿ. ಇದೂ ದೊಡ್ಡೋರ ಕೆಲಸ.
• ಸಿಗ್ನಲ್ ತಪ್ಪಿದ್ರೆ ಮೋಟಾರ್ ತಾನೇ ನಿಲ್ಲೋ ಹಾಗೆ ರಿಸೀವರ್ ಸೆಟ್ ಮಾಡಿ. ರಿಮೋಟ್ ಆಫ್ ಮಾಡಿ ಮನೇಲೇ ಪರೀಕ್ಷೆ ಮಾಡಿ, ಕೆಲವು ರಿಸೀವರ್ ಕೊನೇ ಆಜ್ಞೆಯನ್ನೇ ಹಿಡ್ಕೊಂಡು ಓಡ್ತಾ ಇರ್ತವೆ.
• ಎಲ್ಲಕ್ಕಿಂತ ಒಳ್ಳೇದು ಟಬ್. ಮೊಣಕಾಲಿಗಿಂತ ಕಮ್ಮಿ ನೀರು, ಪಕ್ಕದಲ್ಲಿ ಒಬ್ರು ದೊಡ್ಡೋರು.

ರಿಮೋಟ್ ಬೋಟ್ ಬಗ್ಗೆ ಪ್ರದರ್ಶನ ಮಾಡಿ ಈ ಮಾತು ಹೇಳದೇ ಇದ್ರೆ, ನಾವು ಮಕ್ಕಳಿಗೆ ಆಸೆ ಹುಟ್ಟಿಸಿ ನೀರಿನ ದಡದಲ್ಲಿ ಬಿಟ್ಟು ಬಂದ ಹಾಗೆ.

8/8
"ಬಹುಮಾನ ಬಂತಾ?" ಅಂತ ಡಿಎಂ ಮಾಡ್ತಿದ್ದೀರಾ. ಬರಲಿಲ್ಲ. ಸುಳ್ಳು ಹೇಳಲ್ಲ, ಬೇಜಾರಾಯ್ತು. ಫ್ರೆಂಡ್ ಒಬ್ಬ ಹೇಳಿದ: "ನೋಡು, ಹೊಳೆಯೋ ಮಾಡೆಲ್ಲಿಗೇ ಮಾರ್ಕ್ಸ್ ಬೀಳೋದು, ದಾರ ಅಂಟಿಸಿದ ಪ್ಲೈವುಡ್‌ಗೆ ಯಾರು ಕೊಡ್ತಾರೆ?" ಅವನ ಮಾತಲ್ಲೂ ನಿಜ ಇದೆ. ಓಡೋ ಬೋಟ್ ನೋಡಿದ್ರೆ ಜನ ಸೇರ್ತಾರೆ, ಸೇರಿದ್ರೆ ತಾನೇ ಕೇಳೋದು. ಅದಕ್ಕೆ ನಾವೂ ಟಬ್ಬಲ್ಲಿ ಒಂದು ಬೋಟ್ ಓಡಿಸಿದ್ವಿ. ಆದ್ರೆ ಅದು ಕರೆಯೋಕೆ ಮಾತ್ರ. ಬಂದ ಮೇಲೆ ಬಿಚ್ಚಿದ್ದನ್ನೇ ತೋರಿಸ್ಬೇಕು.

ಟೀಚರ್ಸ್ ಹತ್ರ ಒಂದೇ ವಿನಂತಿ: ಮಾರ್ಕ್ಸ್ ಹಾಕೋ ಮುಂಚೆ "ಇದು ಕೆಲಸ ಮಾಡುತ್ತಾ?" ಜೊತೆಗೆ "ಇದನ್ನ ಬಿಚ್ಚು ನೋಡೋಣ" ಅಂತಾನೂ ಕೇಳಿ ಸರ್, ಕೇಳಿ ಮಿಸ್. ಆ ಒಂದು ಪ್ರಶ್ನೆಗೆ ಅರ್ಧ ರೆಡಿಮೇಡ್ ಮಾಡೆಲ್ ಮನೇಲೇ ಉಳ್ಕೊಳ್ತವೆ.

ಜೂನಿಯರ್ಸ್, ನಿಮಗೆ ಒಂದು ಉಪಯೋಗದ ಮಾತು. ಇನ್‌ಸ್ಪೈರ್ ಅವಾರ್ಡ್ ಮಾನಕ್ ಅಂತ ಕೇಂದ್ರ ಸರ್ಕಾರದ ಸ್ಕೀಮ್ ಇದೆ. ಹೈಸ್ಕೂಲ್ ಮಕ್ಕಳು ತಮ್ಮ ಸ್ವಂತ ಐಡಿಯಾ ಸ್ಕೂಲ್ ಮೂಲಕ ಕಳಿಸಬಹುದು, ಆಯ್ಕೆ ಆದ್ರೆ ಮಾಡೆಲ್ ಮಾಡೋಕೆ 10,000 ರೂಪಾಯಿ ಸಿಗುತ್ತೆ. ಟೀಚರ್ ಹತ್ರ ಕೇಳಿ. ಆ ದುಡ್ಡಲ್ಲಿ ರೆಡಿಮೇಡ್ ತಂದ್ರೆ ಮಾತ್ರ ನಾನು ಅನ್‌ಫಾಲೋ ಮಾಡ್ತೀನಿ.

ಕೊನೇ ಫೋಟೋ ನೋಡಿ. ಈಗ ಅವಳು ಎಂಟನೇ ಕ್ಲಾಸು. ಮುಖ ತೋರಿಸಿಲ್ಲ, ಅವಳೇ ಬೇಡ ಅಂದ್ಲು. ಕೈಯಲ್ಲಿ ಸೀಟಿ ಇದೆ, ಎದುರಿಗೆ ಅವಳ ತಮ್ಮ ಕಣ್ಣು ಮುಚ್ಚಿ ಕೈ ಚಾಚಿ ನಿಂತಿದ್ದಾನೆ. ಎಲ್ಲಾ ಮುಗಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿದ್ಲು: "ಅಣ್ಣಾ, ಪಕ್ಕದಲ್ಲಿ ಇನ್ನೊಬ್ರು ಇದೇ ಥರ ರಿಮೋಟ್ ಹಿಡಿದಿದ್ರೆ ಬೋಟ್ ಯಾರ ಮಾತು ಕೇಳುತ್ತೆ?"

ಈ ಸಲ ನನ್ನ ಹತ್ರ ಉತ್ತರ ಇತ್ತು. ಹೇಳಲಿಲ್ಲ. ಪಕ್ಕದಲ್ಲಿದ್ದ ಸ್ಕ್ರೂಡ್ರೈವರ್ ಕೊಟ್ಟೆ.

ನಿಮಗೆ ಉತ್ತರ ಗೊತ್ತಿದ್ರೆ ಕಾಮೆಂಟ್ ಮಾಡಿ. ಗೂಗಲ್ ಮಾಡಬೇಡಿ, ಮೊದಲು ಯೋಚನೆ ಮಾಡಿ.

#ತಾಯಲೂರು #ಮುಳಬಾಗಿಲು #ಕೋಲಾರ #ಬಿಚ್ಚಿತೋರಿಸಿ #ರಿಮೋಟ್‌ಬೋಟ್ #ನೀರಿಗಿಳಿಯಬೇಡಿ