ಸೀಟು ತುಂಬಿದರೆ ಮಾತ್ರ ಹೊರಡುವ ಬೋಟು: ದ್ವೀಪ ಪ್ರವಾಸದಲ್ಲಿ ನಮ್ಮವರ ಜೀವಕ್ಕೆ ಹೊಣೆ ಯಾರು?

ಜತ್ತ, ಅಕ್ಕಲಕೋಟ, ದಕ್ಷಿಣ ಸೋಲಾಪುರ ಭಾಗದ ಹಳ್ಳಿಗಳಿಂದ ರಜೆ ಬಂತೆಂದರೆ ಕ್ರೂಸರ್ ಗಾಡಿ ಮಾಡಿಕೊಂಡು ಕೊಂಕಣದ ಕಡೆ ಹೊರಡುವುದು ಈಗ ಹೊಸ ಸಂಗತಿಯೇನಲ್ಲ. ಮೊದಲು ಕೊಲ್ಹಾಪುರದ ಮಹಾಲಕ್ಷ್ಮಿ, ಜ್ಯೋತಿಬಾ ದರ್ಶನ. ಅಲ್ಲಿಂದ ಘಟ್ಟ ಇಳಿದು ಮಾಲ್ವಣ, ಇಲ್ಲವೇ ಗೋವಾ. ವಾಪಸು ಬರುವಾಗ ಕಾರವಾರ. ಸಮುದ್ರ ಕಂಡ ಮೇಲೆ ದಂಡೆಯಲ್ಲೇ ನಿಂತು ಬರಲು ಯಾರಿಗೂ ಮನಸ್ಸಾಗುವುದಿಲ್ಲ. ಬೋಟಿನಲ್ಲಿ ಹೋಗಬೇಕು, ದ್ವೀಪ ನೋಡಬೇಕು, ಸಾಧ್ಯವಾದರೆ ನೀರಿಗೂ ಇಳಿಯಬೇಕು.

ಈ ಆಸೆಗೆ ತಕ್ಕ ವ್ಯಾಪಾರವೂ ಬೆಳೆದಿದೆ. ಗೋವಾದಲ್ಲಿ ಸಿಂಕೇರಿಂ, ಕೋಕೊ ಬೀಚ್, ದೋನಾಪಾವ್ಲ ಕಡೆಗಳಿಂದ ಗ್ರಾಂಡೆ ದ್ವೀಪಕ್ಕೆ ಬೋಟು ಹೊರಡುತ್ತವೆ. ದಾರಿಯಲ್ಲಿ ಡಾಲ್ಫಿನ್ ಮೀನು ತೋರಿಸಿ, ದ್ವೀಪದ ಮರೆಯಲ್ಲಿ ಲಂಗರು ಹಾಕಿ, ಕನ್ನಡಕ ಮತ್ತು ಉಸಿರಿನ ಕೊಳವೆ ಕೊಟ್ಟು ಜನರನ್ನು ನೀರಿಗೆ ಇಳಿಸುತ್ತಾರೆ. ಊಟವೂ ಅದರಲ್ಲೇ. ಮಾಲ್ವಣದ ದೇವಬಾಗದಲ್ಲಿ ಕರ್ಲಿ ನದಿಯ ಅಳಿವೆಯಲ್ಲಿ 'ಸುನಾಮಿ ದ್ವೀಪ' ಎಂದು ಕರೆಯುವ ಮರಳಿನ ದಿಬ್ಬವಿದೆ. 2004ರ ಸುನಾಮಿಯಿಂದ ಬಂದದ್ದು ಎಂದು ಜನ ಹೇಳುತ್ತಾರೆ. ತಾರ್ಕರ್ಲಿಯಲ್ಲಿ ನೀರಿನೊಳಗೆ ಮುಳುಗಿ ಮೀನು ನೋಡುವ ವ್ಯವಸ್ಥೆ ಇದೆ. ಕಾರವಾರದಲ್ಲಿ ಕೂರ್ಮಗಡ, ಮಲ್ಪೆಯಲ್ಲಿ ಸೇಂಟ್ ಮೇರಿಸ್. ಎಲ್ಲ ಕಡೆಯೂ ತಲೆಗೆ ಇಷ್ಟು ಎಂಬ ಲೆಕ್ಕ. ಒಬ್ಬರಿಗೊಬ್ಬರು ಗುರುತಿಲ್ಲದ ಇಪ್ಪತ್ತು ಮೂವತ್ತು ಜನ ಒಂದೇ ಬೋಟಿನಲ್ಲಿ.

ಪ್ರವಾಸ ಬೇಡ ಎಂದು ಹೇಳುವುದು ಈ ಬರಹದ ಉದ್ದೇಶವಲ್ಲ. ಬೋಟಿನವರೂ ಹೊಟ್ಟೆಪಾಡಿಗೆ ದುಡಿಯುವವರು, ಅವರಲ್ಲಿ ಬಹಳಷ್ಟು ಜನ ಮೀನುಗಾರರ ಮಕ್ಕಳು, ಸಮುದ್ರವನ್ನು ನಮಗಿಂತ ಚೆನ್ನಾಗಿ ಬಲ್ಲವರು. ಆದರೂ ಇತ್ತೀಚಿನ ವರ್ಷಗಳ ಅಪಘಾತಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಒಂದು ಮಾತು ಎದ್ದು ಕಾಣುತ್ತದೆ.

2019ರ ಜನವರಿ 21ರಂದು ಕಾರವಾರದಲ್ಲಿ ಕೂರ್ಮಗಡದ ನರಸಿಂಹ ದೇವರ ಜಾತ್ರೆ ಮುಗಿಸಿ ವಾಪಸು ಬರುತ್ತಿದ್ದ ಬೋಟು ಮಗುಚಿ 16 ಜನ ಸತ್ತರು. ಅದರಲ್ಲಿ ಹಾವೇರಿ ಜಿಲ್ಲೆಯ ಜನರೇ ಹೆಚ್ಚು, ಅಂದರೆ ನಮ್ಮ ಹಾಗೆಯೇ ಒಣ ಸೀಮೆಯವರು. 2022ರ ಮೇ 24ರಂದು ತಾರ್ಕರ್ಲಿಯಲ್ಲಿ 20 ಪ್ರವಾಸಿಗರು ನೀರಾಟ ಮುಗಿಸಿ ದಂಡೆಗೆ ಮರಳುವಾಗ ಬೋಟು ಮಗುಚಿತು, ಇಬ್ಬರು ಸತ್ತರು. 2024ರ ಡಿಸೆಂಬರ್ 25ರಂದು ಗೋವಾದ ಕಲಂಗುಟ್‌ನಲ್ಲಿ ಬೋಟು ಮಗುಚಿದ್ದು ದಂಡೆಯಿಂದ ಕೂಗಳತೆಯಲ್ಲಿ. 54 ವರ್ಷದ ಒಬ್ಬರು ಸತ್ತು 20 ಜನ ಉಳಿದರು.

ಈ ಮೂರರಲ್ಲಿ ಒಂದೂ ದ್ವೀಪದ ಬಳಿ ಈಜುವಾಗ ಆದದ್ದಲ್ಲ. ನಮ್ಮವರ ಭಯವೆಲ್ಲ ನೀರಿಗೆ ಇಳಿಯುವ ಆ ಹದಿನೈದು ನಿಮಿಷದ ಮೇಲೆ. ಅಲ್ಲಿ ಪಕ್ಕದಲ್ಲಿ ಒಬ್ಬ ಹುಡುಗ ಇರುತ್ತಾನೆ, ಹಿಡಿದುಕೊಳ್ಳಲು ಟ್ಯೂಬ್ ಇರುತ್ತದೆ, ಮೈಮೇಲೆ ಲೈಫ್ ಜಾಕೆಟ್ ಇರುತ್ತದೆ. ನೀರಿನಿಂದ ಮೇಲೆ ಹತ್ತಿದ ಮೇಲೆ ಏನಾಗುತ್ತದೆ ನೋಡಿ. ಜಾಕೆಟ್ ಒದ್ದೆಯಾಗಿ ಭಾರವಾಗಿರುತ್ತದೆ, ಬಿಚ್ಚಿ ಸೀಟಿನ ಮೇಲೆ ದಿಂಬಿನಂತೆ ಹಾಸಿಕೊಳ್ಳುತ್ತಾರೆ. ಹೊಟ್ಟೆ ತುಂಬಿರುತ್ತದೆ, ಕೆಲವರಿಗೆ ಎಣ್ಣೆಯೂ ಏರಿರುತ್ತದೆ. ದಂಡೆ ಕಾಣುತ್ತಲೇ ಚಪ್ಪಲಿ, ಚೀಲ, ಮೊಬೈಲ್ ಹುಡುಕಲು ಎಲ್ಲರೂ ಎದ್ದು ನಿಲ್ಲುತ್ತಾರೆ. ಸಮುದ್ರ ಬದಲಾಗುವುದೂ ಅದೇ ಹೊತ್ತಿಗೆ. ಮಧ್ಯಾಹ್ನದ ಮೇಲೆ ನೆಲ ಕಾದು ಕಡಲಿನಿಂದ ಗಾಳಿ ಬೀಸಲು ತೊಡಗುತ್ತದೆ, ಬೆಳಿಗ್ಗೆ ಹಾಸಿದ ಚಾಪೆಯಂತಿದ್ದ ನೀರು ಸಣ್ಣ ಸಣ್ಣ ಅಲೆಗಳಿಂದ ಕುಣಿಯುತ್ತದೆ. ನದಿ ಸಮುದ್ರ ಸೇರುವ ಅಳಿವೆಯಲ್ಲಿ ಕೆಳಗೆ ಮರಳಿನ ದಿಬ್ಬ, ಮೇಲೆ ಎದುರುಬದುರು ನೀರು. ಇಳಿತದ ನೀರು ಹೊರಗೆ ಹರಿಯುವಾಗ ಒಳಗೆ ಬರುವ ಅಲೆ ಅದಕ್ಕೆ ಢಿಕ್ಕಿ ಹೊಡೆದು ನೆಟ್ಟಗೆ ಏಳುತ್ತದೆ. ಅನುಭವಿ ಖಲಾಸಿ ಅಲೆ ಎಣಿಸಿ, ಸಮಯ ನೋಡಿ ಬೋಟು ನುಗ್ಗಿಸುತ್ತಾನೆ. ಅವನಿಗೆ ಅವಸರವಿದ್ದರೆ?

ಅವಸರ ಎಲ್ಲಿಂದ ಬರುತ್ತದೆ ಎಂಬುದನ್ನೂ ನೋಡಬೇಕು. ಇಡೀ ಬೋಟನ್ನು ಬಾಡಿಗೆಗೆ ಪಡೆದರೆ ಬೋಟಿನವನಿಗೆ ಗೊತ್ತಾದ ಹಣ ಸಿಗುತ್ತದೆ, ಹತ್ತು ಜನ ಕೂತರೂ ಅಷ್ಟೇ, ಎಂಟು ಜನ ಕೂತರೂ ಅಷ್ಟೇ. ತಲೆ ಲೆಕ್ಕದ ಬೋಟಿನಲ್ಲಿ ಹಾಗಲ್ಲ. ಡೀಸೆಲ್, ಖಲಾಸಿಯ ಕೂಲಿ, ದಂಡೆಯ ಏಜೆಂಟನ ಕಮಿಷನ್ ಕಳೆದ ಮೇಲೆ ಮಾಲಕನಿಗೆ ಉಳಿಯುವುದು ಕೊನೆಯ ನಾಲ್ಕೈದು ಸೀಟಿನಲ್ಲಿ. ಹೀಗಾಗಿ ಬೋಟು ತುಂಬುವವರೆಗೆ ಕಾಯಬೇಕು, ತುಂಬಿದ ಮೇಲೂ 'ಇನ್ನೊಬ್ಬರು ಅಡ್ಜಸ್ಟ್ ಮಾಡ್ಕೊಳ್ಳಿ' ಎನ್ನಬೇಕು, ತಡವಾದದ್ದನ್ನು ಸರಿದೂಗಿಸಲು ಜೋರಾಗಿ ಓಡಿಸಬೇಕು, ಕತ್ತಲಾಗುವ ಮೊದಲು ಇನ್ನೊಂದು ಟ್ರಿಪ್ ಹೊಡೆಯಬೇಕು. ನಮ್ಮ ಕಡೆಯ ಟಮಟಮ್ ವ್ಯವಹಾರ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟಮಟಮ್ ಪಂಕ್ಚರ್ ಆದರೆ ಇಳಿದು ನಡೆಯಬಹುದು, ಅಷ್ಟೇ ವ್ಯತ್ಯಾಸ.

ಕೇರಳದ ತಾನೂರಿನಲ್ಲಿ 2023ರ ಮೇ 7ರಂದು ನಡೆದದ್ದು ಇದರ ಕೊನೆಯ ಮಜಲು. ಮೀನು ಹಿಡಿಯುವ ದೋಣಿಯನ್ನೇ ಎರಡಂತಸ್ತಿನ ಪ್ರವಾಸಿ ಬೋಟಾಗಿ ಮಾರ್ಪಡಿಸಲಾಗಿತ್ತು. ಹತ್ತಿಸಬಹುದಾಗಿದ್ದದ್ದು 22 ಜನ, ಹತ್ತಿಸಿದ್ದು ಅದಕ್ಕಿಂತ ಬಹಳ ಹೆಚ್ಚು. ಸೂರ್ಯ ಮುಳುಗಿದ ಮೇಲೆ ಕೊನೆಯ ಟ್ರಿಪ್. 22 ಜನ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು. ಅಷ್ಟರಲ್ಲಾಗಲೇ ಕೇರಳಕ್ಕೆ ಪಾಠದ ಕೊರತೆ ಇರಲಿಲ್ಲ. 2002ರಲ್ಲಿ ಕುಮರಕಂನಲ್ಲಿ 29, 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ 45 ಜನ. ತೇಕ್ಕಡಿಯ ಬೋಟು ಖಾಸಗಿಯವರದಲ್ಲ, ಸರ್ಕಾರಿ ನಿಗಮದ್ದೇ. ಕಾಡುಪ್ರಾಣಿ ನೋಡಲು ಎಲ್ಲರೂ ಒಂದೇ ಮಗ್ಗುಲಿಗೆ ಸರಿದರು ಎಂದು ಆಗ ವರದಿಯಾಗಿತ್ತು. ಡಾಲ್ಫಿನ್ ಕಂಡ ಕೂಡಲೇ ಗೋವಾ ಬೋಟಿನಲ್ಲಿ ಆಗುವುದೂ ಅದೇ. ಎಡಕ್ಕೆ ಡಾಲ್ಫಿನ್ ಎಂದರೆ ಬಲಗಡೆಯವರು ಸುಮ್ಮನೆ ಕೂರುತ್ತಾರೆಯೇ? ಒಂದೇ ಹಂತದ ಅಗಲ ಬೋಟು ಇದನ್ನು ತಡೆದುಕೊಳ್ಳುತ್ತದೆ. ಮೇಲಂತಸ್ತು ಕಟ್ಟಿದ ಬೋಟಿನಲ್ಲಿ ಭಾರವೆಲ್ಲ ಮೇಲಕ್ಕೆ ಹೋಗಿರುವುದರಿಂದ ಒಮ್ಮೆ ವಾಲಿದ್ದು ಮತ್ತೆ ನೇರವಾಗುವುದು ಕಷ್ಟ.

ಹೊಣೆಗಾರಿಕೆಯ ಪ್ರಶ್ನೆ ಇನ್ನೂ ಗೋಜಲು. ನದಿ, ಹಿನ್ನೀರು, ಅಳಿವೆಯೊಳಗಿನ ಬೋಟುಗಳಿಗೆ ಒಳನಾಡು ಹಡಗು ಕಾಯ್ದೆ. 1917ರ ಹಳೆಯ ಕಾಯ್ದೆ ಹೋಗಿ 2021ರಲ್ಲಿ ಇಡೀ ದೇಶಕ್ಕೆ ಒಂದೇ ಕಾಯ್ದೆ ಬಂತು, ಅದರಲ್ಲಿ ನೋಂದಣಿ, ತಪಾಸಣೆ, ವಿಮೆ ಎಲ್ಲ ಇದೆ. ಸಮುದ್ರದ ಹಡಗುಗಳಿಗೆ ಬೇರೆ ಕಾಯ್ದೆ. 1958ರ ವಾಣಿಜ್ಯ ಹಡಗು ಕಾಯ್ದೆಯ ಬದಲಿಗೆ ಹೊಸದನ್ನು ಸಂಸತ್ತು 2025ರಲ್ಲಿ ಅಂಗೀಕರಿಸಿತು. ದ್ವೀಪಕ್ಕೆ ಹೋಗುವ ಬೋಟು ನದಿಯಲ್ಲಿ ಹೊರಟು ಸಮುದ್ರಕ್ಕೆ ಹೋಗಿ ನದಿಗೆ ಮರಳುತ್ತದೆ. ಮಹಾರಾಷ್ಟ್ರದಲ್ಲಿ ಇದನ್ನು ನೋಡಿಕೊಳ್ಳುವುದು ಮೇರಿಟೈಮ್ ಬೋರ್ಡ್, ಗೋವಾದಲ್ಲಿ ಕ್ಯಾಪ್ಟನ್ ಆಫ್ ಪೋರ್ಟ್ಸ್, ಕರ್ನಾಟಕದಲ್ಲಿ ಬಂದರು ಇಲಾಖೆ. ಇದರ ಜೊತೆ ಪ್ರವಾಸೋದ್ಯಮ ಇಲಾಖೆ, ಕರಾವಳಿ ಪೊಲೀಸ್, ಪಂಚಾಯತಿ. ಅಪಘಾತವಾದ ದಿನ ಎಲ್ಲರೂ ಬರುತ್ತಾರೆ. ಬೆಳಿಗ್ಗೆ ಎಂಟು ಗಂಟೆಗೆ ದಂಡೆಯಲ್ಲಿ ನಿಂತು ತಲೆ ಎಣಿಸುವವನು ಯಾರು ಎಂಬುದು ಪ್ರಶ್ನೆ.

ದಿನಾಂಕದ ವಿಷಯವನ್ನೂ ಗಮನಿಸಬೇಕು. ಮಹಾರಾಷ್ಟ್ರದಲ್ಲಿ ಮಳೆಗಾಲಕ್ಕೆಂದು ಮೇ 26ರಿಂದ ಆಗಸ್ಟ್ 31ರವರೆಗೆ ಪ್ರವಾಸಿ ಜಲಸಾರಿಗೆ ನಿಲ್ಲಿಸುವ ಪದ್ಧತಿ ಇದೆ. ತಾರ್ಕರ್ಲಿಯ ಬೋಟು ಮಗುಚಿದ್ದು ಅದಕ್ಕೆ ಎರಡೇ ದಿನ ಮೊದಲು. ಸಮುದ್ರಕ್ಕೆ ಪಂಚಾಂಗ ಗೊತ್ತಿಲ್ಲ. ಶಾಲೆಗೆ ರಜೆ ಇರುವುದು ಮೇ ತಿಂಗಳಲ್ಲಿ, ನಮ್ಮವರು ಹೋಗುವುದೂ ಆಗಲೇ, ಅಲೆ ಏಳತೊಡಗುವುದೂ ಆಗಲೇ. ಹೋಗುವುದಾದರೆ ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯದು, ಅದೂ ಬೆಳಗಿನ ಮೊದಲ ಬೋಟು. ಅದಕ್ಕೂ ನೂರಕ್ಕೆ ನೂರು ಭರವಸೆಯಿಲ್ಲ. ಮುಂಬೈಯಲ್ಲಿ ಎಲಿಫೆಂಟಾ ದ್ವೀಪಕ್ಕೆ ಹೊರಟಿದ್ದ ನೀಲಕಮಲ್ ಬೋಟಿಗೆ 2024ರ ಡಿಸೆಂಬರ್ 18ರಂದು, ಇಂಜಿನ್ ಪರೀಕ್ಷೆಯಲ್ಲಿದ್ದ ನೌಕಾಪಡೆಯ ವೇಗದ ದೋಣಿ ಬಂದು ಬಡಿದು 15 ಜನ ಸತ್ತರು. ಆ ಬೋಟಿನಲ್ಲೂ ಅನುಮತಿಗಿಂತ ಹೆಚ್ಚು ಜನರಿದ್ದರು.

ಈಜು ಬರುತ್ತದೆ ಎಂಬ ಧೈರ್ಯದ ಬಗ್ಗೆಯೂ ಹೇಳಲೇಬೇಕು. ನಮ್ಮ ಹಳ್ಳಿಯ ಹುಡುಗರು ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರು. ಬಾವಿಯ ನೀರು ನಿಂತ ನೀರು, ನಾಲ್ಕು ಕೈ ಹೊಡೆದರೆ ಮೆಟ್ಟಿಲು. ಸಮುದ್ರದಲ್ಲಿ ಸೆಳೆತ ಇರುತ್ತದೆ, ಬಾಯಿಗೆ ಉಪ್ಪುನೀರು ಹೊಡೆಯುತ್ತದೆ, ಬಟ್ಟೆ ಕಾಲಿಗೆ ಸುತ್ತುತ್ತದೆ. ದೂರದ ಮಾತೇಕೆ, ನಮ್ಮ ಭೀಮೆಯಲ್ಲೇ, ಉಜನಿ ಹಿನ್ನೀರಿನಲ್ಲಿ 2024ರ ಮೇ 21ರ ಸಂಜೆ ಬಿರುಗಾಳಿಗೆ ಬೋಟು ಮುಳುಗಿ ಆರು ಜನ ಹೋದರು. ಕರಮಾಳೆಯ ಕುಗಾಂವದಿಂದ ಆಚೆ ದಂಡೆಯ ಕಳಾಶಿಗೆ ದಿನವೂ ಓಡಾಡುವ ದಾರಿಯದು. ಒಬ್ಬ ಪೊಲೀಸ್ ಅಧಿಕಾರಿ ಮಾತ್ರ ಈಜಿ ದಡ ಸೇರಿದರು. ನದಿಯ ಪರಿಚಯ ಇದ್ದವರ ಕತೆಯೇ ಹೀಗಾದರೆ ಸಮುದ್ರವನ್ನು ಮೊದಲ ಸಲ ನೋಡುವವರ ಗತಿ ಏನು?

ಕಲಂಗುಟ್‌ನ ಲೆಕ್ಕ ಇದಕ್ಕೆ ಉತ್ತರ ಕೊಡುತ್ತದೆ. ಅಲ್ಲಿ ಇಬ್ಬರನ್ನು ಬಿಟ್ಟು ಉಳಿದವರೆಲ್ಲ ಲೈಫ್ ಜಾಕೆಟ್ ಹಾಕಿದ್ದರು ಎಂದು ಅಧಿಕಾರಿಗಳು ಆಗ ಹೇಳಿದ್ದರು. ದಂಡೆಯ ಜೀವರಕ್ಷಕರು ಓಡಿಬರುವವರೆಗೆ ಅವರು ತೇಲಿಕೊಂಡಿದ್ದರು. ಜಾಕೆಟ್ ಎಂದರೆ ಕೊರಳಿಗೆ ನೇತುಹಾಕಿಕೊಳ್ಳುವುದಲ್ಲ, ಮೂರೂ ಬಕಲ್ ಹಾಕಿ, ಭುಜದ ಬಳಿ ಹಿಡಿದು ಎತ್ತಿದರೆ ಕಿವಿಯವರೆಗೆ ಜಾರಬಾರದು. ಮಗುವಿಗೆ ದೊಡ್ಡವರ ಜಾಕೆಟ್ ಹಾಕಿದರೆ ಮಗು ಕೆಳಗೆ ಜಾರಿ ಜಾಕೆಟ್ ಮಾತ್ರ ಮೇಲೆ ತೇಲುತ್ತದೆ. ಚಿಕ್ಕ ಅಳತೆಯದು ಇಲ್ಲವೆಂದರೆ ಮಗುವನ್ನು ಕರೆದುಕೊಂಡು ಹತ್ತಬಾರದು, ಏಜೆಂಟ್ ಎಷ್ಟೇ ಸಮಾಧಾನ ಹೇಳಲಿ. ಸೀರೆಯ ಮೇಲೆ ಜಾಕೆಟ್ ಹಾಕಿಕೊಳ್ಳಲು ನಮ್ಮ ಹೆಣ್ಣುಮಕ್ಕಳಿಗೆ ನಾಚಿಕೆ, ಫೋಟೋ ಚೆಂದ ಬರುವುದಿಲ್ಲ ಎಂದು ಹುಡುಗರ ತಕರಾರು. ಇದು ಸರ್ಕಾರದ ತಪ್ಪಲ್ಲ.

ನೀರಿಗೆ ಇಳಿದವರನ್ನು ಎಣಿಸದೇ ಬೋಟು ಹೊರಟರೆ ಏನಾದೀತು ಎಂಬುದಕ್ಕೆ 1998ರ ಜನವರಿಯ ಆಸ್ಟ್ರೇಲಿಯಾದ ಘಟನೆ ಇದೆ. ಹವಳ ದಿಬ್ಬ ನೋಡಲು ನೀರಿಗಿಳಿದಿದ್ದ ಅಮೆರಿಕದ ದಂಪತಿಯನ್ನು ಬಿಟ್ಟು ಬೋಟು ದಂಡೆಗೆ ಬಂದಿತ್ತು. ಎಣಿಕೆ ತಪ್ಪಿತ್ತು. ಇಬ್ಬರು ಕಾಣೆಯಾಗಿದ್ದಾರೆ ಎಂದು ಗೊತ್ತಾದದ್ದು ಎರಡು ದಿನಗಳ ಮೇಲೆ, ಅವರು ಮತ್ತೆ ಸಿಗಲಿಲ್ಲ. ಆಮೇಲೆ ಅಲ್ಲಿ ತಲೆ ಎಣಿಕೆಯ ನಿಯಮ ಬಿಗಿಯಾಯಿತು. ಒಂದೇ ಕುಟುಂಬ ಮಾಡಿಕೊಂಡ ಬೋಟಿನಲ್ಲಿ ಯಾರಿಲ್ಲ ಎಂದು ತಾಯಿಗೆ ಕೂಡಲೇ ತಿಳಿಯುತ್ತದೆ. ಗುರುತಿಲ್ಲದವರ ಬೋಟಿನಲ್ಲಿ ಎಣಿಸುವ ಕೆಲಸ ಯಾರದೂ ಅಲ್ಲ.

ಆದ್ದರಿಂದ ಕ್ರೂಸರಿನಲ್ಲಿ ಹತ್ತು ಹನ್ನೆರಡು ಜನ ಹೋಗುವವರು ಸಣ್ಣ ಬೋಟನ್ನು ಪೂರ್ತಿಯಾಗಿ ಮಾಡಿಕೊಳ್ಳುವುದೇ ಮೇಲು. ತಲೆಗೆ ಸ್ವಲ್ಪ ಹೆಚ್ಚು ಬೀಳಬಹುದು. ಆದರೆ 'ಗಾಳಿ ಎದ್ದಿದೆ, ವಾಪಸು ನಡೆಯಿರಿ' ಎಂದು ಹೇಳುವ ಹಕ್ಕು ಕೈಯಲ್ಲಿರುತ್ತದೆ. ಶೇರಿಂಗ್ ಬೋಟಿನಲ್ಲಿ ಒಬ್ಬ ಹೆದರಿದರೆ ಉಳಿದ ಇಪ್ಪತ್ತೊಂಬತ್ತು ಜನ ನಗುತ್ತಾರೆ. ಶೇರಿಂಗ್‌ನಲ್ಲೇ ಹೋಗುವುದಾದರೆ ಬೋಟಿನ ಮೇಲೆ ಬರೆದ ನೋಂದಣಿ ಸಂಖ್ಯೆ ಮತ್ತು ಎಷ್ಟು ಜನರಿಗೆ ಅನುಮತಿ ಎಂಬುದನ್ನು ಹತ್ತುವ ಮೊದಲೇ ಕೇಳಬೇಕು. ನಮ್ಮವರಿಗೆ ಮಾಲ್ವಣದಲ್ಲಿ ಮರಾಠಿ, ಕಾರವಾರದಲ್ಲಿ ಕನ್ನಡ, ಎರಡೂ ನಾಲಿಗೆಯ ಮೇಲಿದೆ. ವಾಸ್ಕೋದ ಬೈನಾ, ಝುವಾರಿನಗರದಲ್ಲಂತೂ ವಿಜಾಪುರ, ಬಾಗಲಕೋಟ ಕಡೆಯ ಮಾತು ಬೀದಿಯಲ್ಲೇ ಕಿವಿಗೆ ಬೀಳುತ್ತದೆ. ಭಾಷೆ ಬಾರದೆ ಕೇಳಲಿಲ್ಲ ಎಂದು ಹೇಳುವಂತಿಲ್ಲ. ಸುರಕ್ಷತೆಯ ಮಾತನ್ನು ಕನ್ನಡದಲ್ಲೂ ಹೇಳಬೇಕೆಂದು ಗೋವಾದ ಬೋಟಿನವರನ್ನು ಕೇಳುವುದರಲ್ಲಿ ತಪ್ಪೇನಿಲ್ಲ, ಅವರ ಗಿರಾಕಿಗಳಲ್ಲಿ ದೊಡ್ಡ ಪಾಲು ಕರ್ನಾಟಕ ಮತ್ತು ಮಹಾರಾಷ್ಟ್ರದವರೇ.

ಹಣ ಕೊಟ್ಟರೆ ಪಾವತಿ ತೆಗೆದುಕೊಳ್ಳಿ. ದಂಡೆಯ ಏಜೆಂಟ್ ಕೈಗೆ ನಗದು ಕೊಟ್ಟು, ಮಣಿಕಟ್ಟಿಗೆ ಒಂದು ಕಾಗದದ ಪಟ್ಟಿ ಕಟ್ಟಿಸಿಕೊಂಡು ಬೋಟು ಹತ್ತಿದವನಿಗೆ ಮುಂದೆ ಬೋಟು ಯಾರದೆಂದು ಹೇಳಲೂ ಆಗುವುದಿಲ್ಲ. ಪಾವತಿ ಇದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಮಗೆ ಒಂದು ಅನುಕೂಲವಿದೆ. ದೂರು ಕೊಡಲು ಗೋವಾಕ್ಕೋ ಸಿಂಧುದುರ್ಗಕ್ಕೋ ಅಲೆಯಬೇಕಿಲ್ಲ, ದೂರುದಾರ ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು. ಜತ್ತದವರು ಸಾಂಗಲಿಯ ಜಿಲ್ಲಾ ಗ್ರಾಹಕ ಆಯೋಗದಲ್ಲಿ, ಅಕ್ಕಲಕೋಟದವರು ಸೋಲಾಪುರದಲ್ಲಿ, ಎರಡು ವರ್ಷದೊಳಗೆ. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವೂ ಇಲ್ಲ.

ಇನ್ನು ಸಮುದ್ರದಲ್ಲಿರುವಾಗಲೇ ತೊಂದರೆ ಎದ್ದರೆ ಕರೆಯಬೇಕಾದ್ದು ಕೋಸ್ಟ್ ಗಾರ್ಡಿನ 1554, ಕರಾವಳಿ ಪೊಲೀಸರ 1093. ಮೊಬೈಲನ್ನು ಚೀಲದ ತಳದಲ್ಲಿಡದೆ ನೀರು ಹೋಗದ ಕವರಿನಲ್ಲಿ ಹಾಕಿ ಕೊರಳಿಗೆ ತೂಗಿಕೊಂಡಿದ್ದರೆ ಈ ನಂಬರುಗಳು ಉಪಯೋಗಕ್ಕೆ ಬರುತ್ತವೆ.