ತಪ್ಪು ದೇಹದ್ದಲ್ಲ, ಲೈನ್ ಮನೆಯದು



ಇಂಥ ವಿಷಯವನ್ನು ಸಭೆಯ ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಕೆಲವರು ಕೇಳಿಯಾರು. ಬರೆಯಲೇಬೇಕು. ಗಂಡ ಹೆಂಡಿರ ನಡುವಿನ ಆಸೆ ಬತ್ತುತ್ತಿದೆ, ಅದರ ಜೊತೆಗೇ ಕೆಲಸದ ಹುರುಪೂ ಇಳಿಯುತ್ತಿದೆ ಎಂಬ ದುಃಖ ನಮ್ಮ ಎಸ್ಟೇಟುಗಳ ಅನೇಕ ಮನೆಗಳಲ್ಲಿದೆ. ಇದಕ್ಕೆ ಕಾರಣ ಹೇಳುವವರು ಮೂರು ಬಗೆಯವರು. ಮೈಗಳ್ಳತನ ಎನ್ನುತ್ತಾನೆ ಮೇಸ್ತ್ರಿ. ಮೊಬೈಲು ತಂದ ಪಾಪ ಎನ್ನುತ್ತಾರೆ ಕೆಲವು ಉಪದೇಶಕರು. ನರದೌರ್ಬಲ್ಯ, ಈ ಲೇಹ್ಯ ತಿನ್ನು ಎನ್ನುತ್ತಾನೆ ಸಂತೆಯಲ್ಲಿ ಮದ್ದು ಮಾರುವವನು. ಮೂವರೂ ಬೆರಳು ತೋರಿಸುವುದು ದಣಿದ ಕೆಲಸಗಾರನ ಕಡೆಗೇ. ನಾವು ಇದನ್ನು ಒಪ್ಪುವುದಿಲ್ಲ.

ನೀಲಗಿರಿಯವರಿಗೆ ತೆಪ್ಪಕಾಡಿನ ಆನೆ ಶಿಬಿರ ಗೊತ್ತು. ಹಿಂದೆ ಮರ ಎಳೆಯುತ್ತಿದ್ದ ಶಿಬಿರದ ಆನೆಗಳನ್ನು ರಾತ್ರಿ ಮೇಯಲು ಕಾಡಿಗೆ ಬಿಡುತ್ತಿದ್ದರು. ಹೆಣ್ಣಾನೆಗಳು ಅಲ್ಲಿ ಕಾಡಿನ ಸಲಗಗಳ ಜೊತೆ ಕೂಡಿ ಮರಿ ಹಾಕಿದವು. ಮೃಗಾಲಯದಲ್ಲಿ ಸರಪಳಿ ಹಾಕಿ ನಿಲ್ಲಿಸಿದ ಆನೆ, ಎಷ್ಟೇ ಮೇವು ಹಾಕಿದರೂ, ಮರಿ ಹಾಕುವುದು ಅಪರೂಪ. ಆ ಆನೆಯನ್ನು ಯಾರೂ ಪಾಪಿ ಎನ್ನುವುದಿಲ್ಲ, ಸೋಮಾರಿ ಎನ್ನುವುದಿಲ್ಲ. ಇರುವ ಜಾಗ ಸರಿಯಿಲ್ಲ ಎನ್ನುತ್ತೇವೆ. ದೇವರು ತನ್ನ ರೂಪದಲ್ಲಿ ಉಂಟುಮಾಡಿದ ಮನುಷ್ಯನಿಗೆ ಮಾತ್ರ ಬೇರೆ ನ್ಯಾಯವೇ?

ನಮ್ಮ ಜಾಗ ಎಂಥದು? ಒಂದು ಕೋಣೆ, ಒಂದು ಅಡುಗೆ ಮೂಲೆ. ಅತ್ತೆ ಮಾವ, ಬೆಳೆದ ಮಕ್ಕಳು ಎಲ್ಲರೂ ಅಲ್ಲೇ ಮಲಗಬೇಕು. ಪಕ್ಕದ ಮನೆಯವರು ಕೆಮ್ಮಿದರೂ ಕೇಳಿಸುತ್ತದೆ. ಹೆಂಗಸು ಕೋಳಿ ಕೂಗುವ ಮೊದಲೇ ಎದ್ದು ನೀರು ಹಿಡಿದು, ಅಡುಗೆ ಮಾಡಿಟ್ಟು, ದಿನವಿಡೀ ಎಲೆ ಕಿತ್ತು, ತೂಕ ಹಾಕಿಸಿ ಬಂದು ಮತ್ತೆ ಒಲೆಯ ಮುಂದೆ ಕೂರುತ್ತಾಳೆ. ರಾತ್ರಿ ಆಕೆ ಬೇಡ ಎಂದರೆ ಅದು ಪ್ರೀತಿಯ ಕೊರತೆಯಲ್ಲ, ಮೈ ದಣಿವು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 7ನೆಯ ಅಧ್ಯಾಯದಲ್ಲಿ ಪೌಲನು ಗಂಡನಿಗೆ ಹೇಳಿದ ಹಕ್ಕನ್ನೇ ಹೆಂಡತಿಗೂ ಹೇಳಿದ್ದಾನೆ. ಅರ್ಧ ಮಾತ್ರ ಓದಿ ಹೆಂಡತಿಯನ್ನು ಬಲವಂತ ಮಾಡುವವನು ದೇವರ ವಾಕ್ಯವನ್ನೇ ಕದಿಯುತ್ತಾನೆ.

ನಿದ್ದೆಯ ಮಾತು ಕೇಳಿರಿ. ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯದವರು ಆರೋಗ್ಯವಂತರಾದ 10 ಮಂದಿ ಯುವಕರನ್ನು ಒಂದು ವಾರ ದಿನಕ್ಕೆ 5 ಗಂಟೆ ಮಾತ್ರ ಮಲಗಿಸಿ ನೋಡಿ, 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಂಡಸಿನ ಆಸೆಗೂ ಲವಲವಿಕೆಗೂ ಬೇಕಾದ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು ಹಗಲಿನಲ್ಲಿ ಶೇಕಡಾ 10ರಿಂದ 15ರಷ್ಟು ಇಳಿದಿತ್ತು. ಒಂದೇ ವಾರದ ನಿದ್ದೆಗೇಡಿಗೆ ಇಷ್ಟಾದರೆ ವರ್ಷಗಟ್ಟಲೆ ನಿದ್ದೆಗೆಟ್ಟವರ ಗತಿ ಏನು? ಇದು ಲೇಹ್ಯದಿಂದ ವಾಸಿಯಾಗುವ ರೋಗವಲ್ಲ. ಅಂಥ ಶಕ್ತಿಮದ್ದುಗಳ ಜಾಹೀರಾತನ್ನೇ 1954ರ ಕಾಯ್ದೆ ನಿಷೇಧಿಸಿದೆ.

ಮೊಬೈಲು ನಿರಪರಾಧಿ ಎಂದು ನಾವು ಹೇಳುವುದಿಲ್ಲ. ಅದರೊಳಗಿನ ಹೆಂಗಸಿಗೆ ದಣಿವಿಲ್ಲ, ಅವಳ ಮಗು ಅಳುವುದಿಲ್ಲ, ಅವಳಿಗೆ ನೀರು ಹಿಡಿಯುವ ಕೆಲಸವಿಲ್ಲ. ಅದನ್ನು ನಡುರಾತ್ರಿಯವರೆಗೆ ನೋಡಿದವನು ಇದ್ದ ನಿದ್ದೆಯನ್ನೂ ಪಕ್ಕದಲ್ಲಿರುವ ಹೆಂಡತಿಯನ್ನೂ ಕಳೆದುಕೊಳ್ಳುತ್ತಾನೆ. ಸಾರಾಯಿಯದೂ ಅದೇ ಕಥೆ. ಆದರೆ ಮನೆಯಲ್ಲಿ ಇಬ್ಬರು ಕೂತು ಮಾತಾಡಲು ಜಾಗವೇ ಇಲ್ಲದಾಗ ಮೊಬೈಲು ಆ ಜಾಗವನ್ನು ಹಿಡಿಯಿತು ಎಂಬುದನ್ನು ಉಪದೇಶಕರು ಮರೆಯಬಾರದು. ಆಸೆ ಸೈತಾನನದಲ್ಲ. ಪರಮಗೀತ ನಮ್ಮ ಸತ್ಯವೇದದಲ್ಲಿ ಸುಮ್ಮನೆ ಸೇರಿಲ್ಲ.

ವಿಮೋಚನಕಾಂಡ 5ನೆಯ ಅಧ್ಯಾಯವನ್ನು ನೆನೆಯಿರಿ. ಫರೋಹನು ಹುಲ್ಲು ಕೊಡುವುದನ್ನು ನಿಲ್ಲಿಸಿದನು, ಇಟ್ಟಿಗೆಯ ಲೆಕ್ಕ ಇಳಿಸಲಿಲ್ಲ, ಮೇಲಾಗಿ ಜನರನ್ನು ಮೈಗಳ್ಳರೆಂದನು. ಆ ಬಳಲಿದ ಜನರಿಗೆ ಮೋಶೆಯ ಒಳ್ಳೆಯ ಮಾತೂ ಕಿವಿಗೆ ಹೋಗಲಿಲ್ಲ. ದೇವರು ಅವರನ್ನು ಬೈಯಲಿಲ್ಲ. ಆ ಜಾಗದಿಂದಲೇ ಬಿಡಿಸಿದನು.

ಆದುದರಿಂದ ನಾವು ಕೇಳಬೇಕಾದುದು ಮನೆ. 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆಯು ವಸತಿಯ ಹೊಣೆಯನ್ನು ಎಸ್ಟೇಟಿನ ಮೇಲೆ ಹಾಕಿತು. ಕುಡಿಯುವ ನೀರು, ಅಡುಗೆಮನೆ, ಶೌಚಾಲಯ ಸಹಿತವಾದ ವಸತಿಯನ್ನು 2020ರ ಕಾರ್ಮಿಕ ಸಂಹಿತೆಯೂ ಹೇಳುತ್ತದೆ. ಸಂಘದ ಬೇಡಿಕೆ ಪಟ್ಟಿಯಲ್ಲಿ ಕೂಲಿಯ ಜೊತೆಗೆ ಎರಡನೆಯ ಕೋಣೆಯನ್ನೂ ಬರೆಯಿಸಿರಿ. ನಾಚಬೇಡಿರಿ.

ಅಲ್ಲಿಯವರೆಗೆ ಸಭೆಯು ಸುಮ್ಮನಿರಬಾರದು. ತಿಂಗಳಿಗೊಂದು ಸಂಜೆ ಮಕ್ಕಳನ್ನೂ ಹಿರಿಯರನ್ನೂ ಪ್ರಾರ್ಥನಾ ಮಂದಿರಕ್ಕೆ ಕರೆದು ಹಾಡು, ಕಥೆ, ಊಟ ನಡೆಸಲಿ. ಗಂಡ ಹೆಂಡಿರು ಅಂದು ಮನೆಯಲ್ಲಿ ಇಬ್ಬರೇ ಇರಲಿ. ಮನೆಯಲ್ಲಿ ಗಂಡಸರು ನೀರು ಹಿಡಿಯಲಿ, ಮಲಗುವ ಹೊತ್ತಿಗೆ ಮೊಬೈಲನ್ನು ಅಡುಗೆ ಮೂಲೆಯಲ್ಲಿಡಲಿ. ಇಷ್ಟನ್ನು ಮಾಡಿದ ಮೇಲೆ ಪಾಪದ ಮಾತು ಆಡಲು ಬರಲಿ, ಕೇಳುತ್ತೇವೆ.